ಕ್ವಿಝ್‌ನಲ್ಲಿ ಗದ್ದಲ, ಬರೆಯಲು ಕೊಟ್ಟರೆ ಖಾಲಿ ಹಾಳೆ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ. ಒಂಬತ್ತನೇ ತರಗತಿಯಲ್ಲಿ 42 ಮಕ್ಕಳು, ಎಲ್ಲರೂ ಕನ್ನಡ ಮಾಧ್ಯಮದವರು. ದಾನಿಗಳು ಕೊಟ್ಟ ಒಂದು ಸ್ಮಾರ್ಟ್ ಟಿವಿ, ಹತ್ತು ಟ್ಯಾಬ್‌ಗಳಿವೆ. ಇಂಟರ್ನೆಟ್ ನನ್ನ ಫೋನಿನ ಹಾಟ್‌ಸ್ಪಾಟ್‌ನಿಂದಲೇ. ಮಕ್ಕಳು ಶಾಲೆಗೆ ಫೋನ್ ತರುವಂತಿಲ್ಲ. ಜೂನ್‌ನಿಂದ ವಾರಕ್ಕೆರಡು ಸಲ ಕಹೂಟ್ (ಟಿವಿಯಲ್ಲಿ ಪ್ರಶ್ನೆ ನೋಡಿ ಟ್ಯಾಬ್‌ನಲ್ಲಿ ಬಣ್ಣ ಒತ್ತಿ ಉತ್ತರಿಸುವ ಕ್ವಿಝ್ ಆಪ್) ಆಡಿಸುತ್ತಿದ್ದೇನೆ. ಮೊದಮೊದಲು ಮಕ್ಕಳು ಕುಣಿದಾಡಿದರು. ಈಗ ಪ್ರತಿ ಸಲ ಅದೇ ಐದಾರು ಮಕ್ಕಳು ಗೆಲ್ಲುತ್ತಾರೆ, ಹಿಂದಿನ ಬೆಂಚಿನವರು ಯಾವುದೋ ಒಂದು ಬಣ್ಣ ಒತ್ತಿ ನಗುತ್ತಾ ಕೂರುತ್ತಾರೆ. ಕಿರುಪರೀಕ್ಷೆಯಲ್ಲಿ ಸ್ವಂತ ವಾಕ್ಯ ಬರೆಯಿರಿ ಅಂದರೆ ಹಾಳೆ ಖಾಲಿ. ವಾಟ್ಸ್ಯಾಪ್ ಗುಂಪಿಗೆ ಕ್ವಿಝ್ ಲಿಂಕ್ ಹಾಕಿದರೆ ಪೋಷಕರು “ಟೀಚರೇ ಮೊಬೈಲ್ ಆಟ ಹಚ್ಚುತ್ತಿದ್ದಾರೆ” ಅನ್ನುತ್ತಾರೆ. ಮುಖ್ಯೋಪಾಧ್ಯಾಯರಿಗೂ ಸಮಾಧಾನವಿಲ್ಲ. ಬೇರೆ ಆಪ್ ಹುಡುಕಲೇ, ಇಲ್ಲ ಇದೆಲ್ಲ ಬಿಟ್ಟು ಬೋರ್ಡು-ಚಾಕ್‌ಪೀಸ್‌ಗೆ ಮರಳಲೇ?

ಉತ್ತರ: ಎರಡೂ ಬೇಡ. ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ಮೊದಲನೆಯದು ಆಟದಲ್ಲಿ ಅಂಕ ಬೀಳುವ ರೀತಿಯದ್ದು. ಸೆಟ್ಟಿಂಗ್ ಬದಲಿಸಿದರೆ ಅದು ನಾಳೆಯೇ ಸರಿಹೋಗುತ್ತದೆ. ಎರಡನೆಯದು ಮಕ್ಕಳಿಗೆ ನೀವು ಕೊಡುತ್ತಿರುವ ಕೆಲಸದ್ದು. ಅದು ಸರಿಹೋಗಲು ಒಂದೆರಡು ತಿಂಗಳು ಬೇಕು, ಖಾಲಿ ಹಾಳೆಗೆ ಕಾರಣವೂ ಅದೇ. ಆಪ್ ಬದಲಿಸಿದರೆ ಮತ್ತೆ ಮೂರು ವಾರ ಕುಣಿದಾಟ ಸಿಗುತ್ತದೆ, ಆಮೇಲೆ ಇದೇ ಪತ್ರವನ್ನು ಇನ್ನೊಂದು ಆಪ್‌ನ ಹೆಸರು ಹಾಕಿ ಬರೆಯಬೇಕಾಗುತ್ತದೆ.

ಅದೇ ಐದಾರು ಮಕ್ಕಳು ಏಕೆ ಗೆಲ್ಲುತ್ತಾರೆ ಎಂಬುದಕ್ಕೆ ಉತ್ತರ ಕಹೂಟ್‌ನ ಲೆಕ್ಕದಲ್ಲೇ ಇದೆ. ಸಾಮಾನ್ಯ ಕ್ರಮದಲ್ಲಿ ಸರಿ ಉತ್ತರಕ್ಕೆ ಗರಿಷ್ಠ 1000 ಅಂಕ. ತಡವಾದಷ್ಟೂ ಇಳಿಯುತ್ತಾ ಹೋಗಿ, ಕೊನೆಯ ಕ್ಷಣದಲ್ಲಿ ಒತ್ತಿದರೆ 500ಕ್ಕೆ ಬರುತ್ತದೆ. 20 ಸೆಕೆಂಡಿನ ಪ್ರಶ್ನೆಗೆ 4ನೇ ಸೆಕೆಂಡಿನಲ್ಲಿ ಸರಿ ಒತ್ತಿದವರಿಗೆ 900, 16ನೇ ಸೆಕೆಂಡಿನಲ್ಲಿ ಒತ್ತಿದವರಿಗೆ 600. ಈಗ ಹತ್ತು ಪ್ರಶ್ನೆಗಳ ಆಟ ಎಂದುಕೊಳ್ಳಿ. ಅಕ್ಷರ ಕೂಡಿಸಿ, ಪೂರ್ತಿ ಓದಿ, ಹತ್ತಕ್ಕೆ ಹತ್ತೂ ಸರಿ ಮಾಡಿದ ಹುಡುಗನಿಗೆ 6000. ಸರಸರನೆ ಒತ್ತಿ ಮೂರು ತಪ್ಪು ಮಾಡಿದ ಹುಡುಗಿಗೆ ಏಳು ಸಲ 900, ಅಂದರೆ 6300. ಎಲ್ಲವನ್ನೂ ಸರಿ ಮಾಡಿದವನೇ ಕೆಳಗೆ! ಟಿವಿ ಪರದೆಯ ಮೇಲೆ ಇದನ್ನು ವಾರಕ್ಕೆರಡು ಸಲ ನೋಡಿದ ಮಗು ಓದುವುದನ್ನು ಬಿಟ್ಟು ಒತ್ತುವುದನ್ನು ರೂಢಿಸಿಕೊಂಡರೆ ತಪ್ಪು ಮಗುವಿನದ್ದಲ್ಲ.

ಇನ್ನೊಂದು ಸಣ್ಣ ವಿಷಯ ಬಹಳ ಶಿಕ್ಷಕರ ಕಣ್ಣಿಗೆ ಬೀಳುವುದಿಲ್ಲ. ನೇರ ಆಟದಲ್ಲಿ ಪ್ರಶ್ನೆ, ಆಯ್ಕೆಗಳೆಲ್ಲ ದೊಡ್ಡ ಪರದೆಯ ಮೇಲಿರುತ್ತವೆ. ಸೆಟ್ಟಿಂಗ್ ಬದಲಿಸದಿದ್ದರೆ ಮಕ್ಕಳ ಕೈಯಲ್ಲಿರುವ ಟ್ಯಾಬ್‌ನಲ್ಲಿ ಕೆಂಪು ತ್ರಿಕೋನ, ನೀಲಿ ವಜ್ರ, ಹಳದಿ ವೃತ್ತ, ಹಸಿರು ಚೌಕ ಮಾತ್ರ. ಅಂದರೆ ಮಗು ಮುಟ್ಟುವ ಪರದೆಯ ಮೇಲೆ ಒಂದಕ್ಷರ ಇಂಗ್ಲಿಷೂ ಇಲ್ಲ. ಹಿಂದಿನ ಬೆಂಚಿನಿಂದ ಟಿವಿಯ ಅಕ್ಷರ ಕಾಣದಿದ್ದರೆ ಬಣ್ಣ ಒತ್ತುವುದಲ್ಲದೆ ಇನ್ನೇನು ಮಾಡಲು ಬರುತ್ತದೆ?

ಆದ್ದರಿಂದ ಕ್ವಿಝ್ ಮುಂದುವರಿಸುವುದಾದರೆ ಇಷ್ಟು ಮಾಡಿ. ಸಮಯವನ್ನು 20ರಿಂದ 60 ಸೆಕೆಂಡಿಗೆ ಏರಿಸಿ, ಓದುವ ಭಾಗ ಉದ್ದವಿದ್ದರೆ 90ಕ್ಕೆ. ಪ್ರಶ್ನೆ ಮತ್ತು ಆಯ್ಕೆಗಳು ಟ್ಯಾಬ್‌ನಲ್ಲೂ ಕಾಣುವ ಸೆಟ್ಟಿಂಗ್ ಹಾಕಿ. ಅರ್ಧದಷ್ಟು ಪ್ರಶ್ನೆಗಳಿಗೆ ‘ಅಂಕವಿಲ್ಲ’ ಎಂಬ ಆಯ್ಕೆ ಕೊಡಿ. ಕ್ವಿಝಿಝ್ ಬಳಸಿದರೆ ಟೈಮರನ್ನೂ ಅಂಕಪಟ್ಟಿಯನ್ನೂ ಪೂರ್ತಿ ಆಫ್ ಮಾಡಬಹುದು. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಈ ಆಪ್ 2025ರಲ್ಲಿ ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡಿದೆ. ಹಳೆಯ ಹೆಸರಿನಲ್ಲಿ ಹುಡುಕಿ ಸಿಗಲಿಲ್ಲ ಎಂದುಕೊಳ್ಳಬೇಡಿ. ನಾಲ್ಕು ಮಕ್ಕಳಿಗೆ ಒಂದು ಟ್ಯಾಬ್ ಇದ್ದಾಗ ಒಂದು ನಿಯಮ ತುಂಬ ಕೆಲಸ ಮಾಡುತ್ತದೆ: ಟ್ಯಾಬ್ ಹಿಡಿದವರು ಉತ್ತರ ಹೇಳುವಂತಿಲ್ಲ, ಉಳಿದವರು ಹೇಳಿದ್ದನ್ನು ಒತ್ತಬೇಕು, ಪ್ರತಿ ಪ್ರಶ್ನೆಗೂ ಟ್ಯಾಬ್ ಕೈ ಬದಲಾಗಬೇಕು. ಇದಿಲ್ಲದಿದ್ದರೆ ಗುಂಪಿನ ಜಾಣ ಬೆರಳು ಒಂದೇ ಕೆಲಸ ಮಾಡುತ್ತದೆ, ಉಳಿದ ಮೂವರು ಪ್ರೇಕ್ಷಕರು. ಕಹೂಟ್‌ನ ತಂಡದ ಆಟದಲ್ಲಿ ಚರ್ಚೆಗೆಂದು ಕೊಡುವ ಐದು ಸೆಕೆಂಡು ನಮ್ಮ ಮಕ್ಕಳಿಗೆ ಏತಕ್ಕೂ ಸಾಲದು.

ಬಹುಮಾನದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಗೆದ್ದವರಿಗೆ ಪೆನ್ನು, ಚಾಕೊಲೇಟ್ ಕೊಟ್ಟರೆ ಹುರುಪು ಬರುತ್ತದೆ ಎಂಬ ನಂಬಿಕೆ ಬಲವಾಗಿದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟಾಣಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡ ಮಕ್ಕಳು, ಆಮೇಲೆ ಬಿಡುವಿನ ವೇಳೆಯಲ್ಲಿ ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಹೇಳದೆ, ಕೊನೆಯಲ್ಲಿ ಅಚಾನಕ್ಕಾಗಿ ಕೊಟ್ಟಾಗ ಈ ಇಳಿತ ಕಾಣಲಿಲ್ಲ. ಒಳ್ಳೆಯ ಕೆಲಸ ಮಾಡಿದ ಗುಂಪಿಗೆ ಎಂದಾದರೊಮ್ಮೆ ಏನಾದರೂ ಕೊಡಿ. ಮೊದಲೇ ಸಾರಿ ಹೇಳಬೇಡಿ.

ಈಗ ಖಾಲಿ ಹಾಳೆಯ ವಿಷಯಕ್ಕೆ ಬರೋಣ, ಇದೇ ಮುಖ್ಯ. ನಿಮ್ಮ ಕ್ವಿಝ್‌ನಲ್ಲಿ ಇಂಥ ಪ್ರಶ್ನೆಗಳೇ ಹೆಚ್ಚಿರಬಹುದು: ‘ಶಿ ಡ್ಯಾಶ್ ಟು ದ ಮಾರ್ಕೆಟ್ ಯೆಸ್ಟರ್‌ಡೇ’, ಆಯ್ಕೆಗಳು ಗೋ, ಗೋಸ್, ವೆಂಟ್, ಗಾನ್. ಮಗು ‘ಯೆಸ್ಟರ್‌ಡೇ’ ಎಂಬ ಒಂದೇ ಪದ ಹಿಡಿದು ‘ವೆಂಟ್’ ಒತ್ತುತ್ತದೆ. ಯಾರು ಹೋದರು, ಎಲ್ಲಿಗೆ, ಏಕೆ ಎಂಬುದೇನೂ ಬೇಕಿಲ್ಲ. ಇಂಥ ಪ್ರಶ್ನೆ ಕೆಲಸಕ್ಕೆ ಬಾರದ್ದೇನಲ್ಲ. ಕಲಿತ ಪದ, ಕ್ರಿಯಾರೂಪಗಳನ್ನು ನೆನಪಿಸಿಕೊಳ್ಳಲು, ಅದೂ ಒಂದೆರಡು ದಿನ ಬಿಟ್ಟು ಮತ್ತೆ ಕೇಳಿದಾಗ, ಕ್ವಿಝ್ ಚೆನ್ನಾಗಿ ನೆರವಾಗುತ್ತದೆ. ಆದರೆ ಗುರುತಿಸುವುದು ಬೇರೆ, ಕಟ್ಟುವುದು ಬೇರೆ. ನಾಲ್ಕರಲ್ಲಿ ಒಂದನ್ನು ಗುರುತಿಸಿದ ಮಗು ಕ್ರಿಯಾಪದವನ್ನು ವಾಕ್ಯದ ಮಧ್ಯಕ್ಕೆ ತಂದು ತಾನೇ ಒಂದು ವಾಕ್ಯ ಕಟ್ಟಬೇಕಾದಾಗ ಕನ್ನಡದ ಅಭ್ಯಾಸಬಲದಿಂದ ‘ಐ ಮಾರ್ಕೆಟ್ ಟು ವೆಂಟ್’ ಅನ್ನುತ್ತದೆ, ಅಥವಾ ತಪ್ಪಾದೀತೆಂದು ಏನನ್ನೂ ಬರೆಯುವುದಿಲ್ಲ. ಕಟ್ಟುವ ಕೆಲಸವನ್ನು ಜೂನ್‌ನಿಂದ ಯಾರೂ ಕೇಳಿಲ್ಲವಲ್ಲ.

ಹಾಗಾದರೆ ಎಂಥ ಕೆಲಸ ಕೊಡಬೇಕು? ಇದಕ್ಕೆ ಉತ್ತರ ನಮ್ಮಲ್ಲೇ ಇದೆ. 1979ರಿಂದ 1984ರವರೆಗೆ ಭಾಷಾ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು; ಜಗತ್ತಿನ ಭಾಷಾ ಶಿಕ್ಷಕರಿಗೆ ಅದು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಪರಿಚಿತ. ಕಪ್ಪುಹಲಗೆ, ಸೀಮೆಸುಣ್ಣ, ಕಾಗದ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. ವ್ಯಾಕರಣದ ಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆ, ದರಪಟ್ಟಿ ಕೊಟ್ಟು, ಯೋಚಿಸಿ ಬಿಡಿಸಬೇಕಾದ ಸಮಸ್ಯೆಗಳನ್ನು ಇಂಗ್ಲಿಷ್‌ನಲ್ಲಿ ಮುಂದಿಡುತ್ತಿದ್ದರು. ಮಗುವಿನ ಗಮನವೆಲ್ಲ ಸಮಸ್ಯೆಯ ಮೇಲೆ, ಭಾಷೆ ಅದನ್ನು ಬಿಡಿಸುವ ಸಾಧನ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದ ಕೆಲಸ, ಇರುವ ಮಾಹಿತಿಯಿಂದ ತರ್ಕಿಸಿ ಹೊಸದನ್ನು ಕಂಡುಕೊಳ್ಳುವ ಕೆಲಸ, ತನ್ನ ಅಭಿಪ್ರಾಯ ಹೇಳುವ ಕೆಲಸ ಎಂದು ಅವರು ಮೂರು ಬಗೆ ಮಾಡಿದರು. ತರ್ಕದ ಕೆಲಸವೇ ಮಕ್ಕಳನ್ನು ಹೆಚ್ಚು ಹಿಡಿದಿಟ್ಟಿತು. ಎಷ್ಟು ಕಷ್ಟವಿರಬೇಕು ಎಂಬುದಕ್ಕೂ ಅವರದ್ದೊಂದು ಅಳತೆಯಿತ್ತು: ಕನಿಷ್ಠ ಅರ್ಧ ತರಗತಿಯಾದರೂ ಕೆಲಸದ ಅರ್ಧದಷ್ಟನ್ನಾದರೂ ಮಾಡಿ ಮುಗಿಸುವಂತಿರಬೇಕು. ನಿಮ್ಮ ಟಿವಿ, ಟ್ಯಾಬ್ ಇಂಥ ಕೆಲಸಕ್ಕೆ ನೆರವಾದರೆ ಇರಲಿ, ಇಲ್ಲದಿದ್ದರೆ ಅಲಂಕಾರ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಕೊಡುತ್ತೇನೆ, 40 ನಿಮಿಷದ ಒಂದು ಪೀರಿಯಡ್‌ಗೆ ಸರಿಯಾಗುತ್ತದೆ. ಎರಡು ಬಗೆಯ ಚೀಟಿ ಮಾಡಿಕೊಳ್ಳಿ, ಎರಡೂ ಇಂಗ್ಲಿಷ್‌ನಲ್ಲಿ. ಮೊದಲ ಚೀಟಿಯಲ್ಲಿ ಮೂರು ಬಸ್ಸುಗಳ ವೇಳೆ: 8.10ಕ್ಕೆ ಹೊರಟು 9.05ಕ್ಕೆ ಪೇಟೆ ಮುಟ್ಟುವುದು, 8.45ಕ್ಕೆ ಹೊರಟು 9.30ಕ್ಕೆ ಮುಟ್ಟುವುದು, 9ಕ್ಕೆ ಹೊರಟು 9.35ಕ್ಕೆ ಮುಟ್ಟುವುದು. ಎರಡನೇ ಚೀಟಿಯಲ್ಲಿ ಬಿಡಿ ಸಂಗತಿಗಳು: ಮದುವೆ ಭಾನುವಾರ, ಮುಹೂರ್ತ 9.45ಕ್ಕೆ, ಎರಡನೇ ಬಸ್ಸು ಭಾನುವಾರ ಓಡುವುದಿಲ್ಲ, ಮೂರನೆಯದು ಊರೊಳಗೆ ಬರುವುದಿಲ್ಲ, ಒಂದು ಕಿಲೋಮೀಟರ್ ದೂರದ ಕ್ರಾಸ್‌ನಲ್ಲಿ ನಿಲ್ಲುತ್ತದೆ, ಜೊತೆಗೆ ಬರುವ ಅಜ್ಜಿಗೆ ಮಂಡಿನೋವು. ಪ್ರಶ್ನೆ ಒಂದೇ: ಯಾವ ಬಸ್ಸು ಹಿಡಿಯಬೇಕು? ಯಾವ ಚೀಟಿಯೂ ಒಂಟಿಯಾಗಿ ಸಾಲದು. ವೇಳೆ ಮಾತ್ರ ನೋಡಿದವರಿಗೆ ಮೂರೂ ಸರಿಯೇ, ಸಂಗತಿ ಮಾತ್ರ ನೋಡಿದವರಿಗೆ ವೇಳೆಯೇ ಗೊತ್ತಿಲ್ಲ.

ಮೊದಲ ಏಳೆಂಟು ನಿಮಿಷ ಟಿವಿಯಲ್ಲಿ ಬೇರೊಂದು ವೇಳಾಪಟ್ಟಿ ಹಾಕಿ, ಇಡೀ ತರಗತಿಯೊಂದಿಗೆ ಬಾಯಿಮಾತಿನಲ್ಲೇ ಇಂಥದ್ದೇ ಒಂದು ಚಿಕ್ಕ ಸಮಸ್ಯೆ ಬಿಡಿಸಿ. ಬೇಕಾಗುವ ‘ವಾಟ್ ಟೈಮ್ ಡಸ್ ಇಟ್ ಲೀವ್’, ‘ಡಸ್ ಇಟ್ ರನ್ ಆನ್ ಸಂಡೇ’, ‘ವೇರ್ ಡಸ್ ಇಟ್ ಸ್ಟಾಪ್’ ಎಂಬ ಮೂರು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಉಳಿಸಿ. ಆಮೇಲೆ ನಾಲ್ಕು ಜನರ ಗುಂಪು. ಇಬ್ಬರಿಗೆ ಮೊದಲ ಚೀಟಿ, ಇಬ್ಬರಿಗೆ ಎರಡನೆಯದು. 42ರಲ್ಲಿ ಹತ್ತು ಗುಂಪಾಗಿ ಉಳಿಯುವ ಇಬ್ಬರನ್ನು ಯಾವುದಾದರೂ ಎರಡು ಗುಂಪಿಗೆ ಸೇರಿಸಿ. ಚೀಟಿ ತೋರಿಸುವಂತಿಲ್ಲ, ಓದಿ ಹೇಳಬಹುದು, ಕೇಳಬಹುದು. ಹನ್ನೆರಡು ನಿಮಿಷ ಕೊಡಿ. ಮಕ್ಕಳು ಒಳಗೊಳಗೆ ಕನ್ನಡದಲ್ಲೇ ವಾದ ಮಾಡುತ್ತಾರೆ. ಮಾಡಲಿ ಬಿಡಿ. ಚೀಟಿಯ ಮಾಹಿತಿ ಇಂಗ್ಲಿಷ್‌ನಲ್ಲೇ ದಾಟಬೇಕು ಎಂಬುದೊಂದನ್ನೇ ಬಿಗಿಯಾಗಿ ಹಿಡಿಯಿರಿ. ಸಂಪೂರ್ಣ ಇಂಗ್ಲಿಷ್ ಬೇಕೆಂದು ಹಟ ಹಿಡಿದರೆ ಸಿಗುವುದು ಮೌನ.

ಈಗ ಡಿಜಿಟಲ್ ಭಾಗ. ಆಯ್ಕೆಗಳನ್ನು ಟಿವಿಯಲ್ಲಿ ಹಾಕಿ: 8.10, 8.45, 9 ಗಂಟೆ, ಯಾವುದೂ ಅಲ್ಲ. ಪ್ರತಿಯೊಬ್ಬರೂ ಉತ್ತರ ಕೊಡಲಿ. 8.45 ಆರಿಸಿದವರು ಭಾನುವಾರದ ವಿಷಯ ಕೇಳಿಸಿಕೊಂಡಿಲ್ಲ, 9 ಗಂಟೆ ಆರಿಸಿದವರಿಗೆ ಕ್ರಾಸ್ ಅಥವಾ ಅಜ್ಜಿಯ ವಿಷಯ ದಾಟಿಲ್ಲ. ತಪ್ಪು ಉತ್ತರವೇ ಎಲ್ಲಿ ತಪ್ಪಿತೆಂದು ಹೇಳುವಂತೆ ಆಯ್ಕೆಗಳನ್ನು ಹೆಣೆಯುವುದು ಒಳ್ಳೆಯ ಕ್ವಿಝ್‌ನ ಲಕ್ಷಣ. ಸರಿ ಉತ್ತರವನ್ನು ತಕ್ಷಣ ತೋರಿಸಬೇಡಿ. ಹಾರ್ವರ್ಡ್‌ನ ಎರಿಕ್ ಮಜೂರ್ ಭೌತವಿಜ್ಞಾನದ ತರಗತಿಗಳಲ್ಲಿ ರೂಪಿಸಿದ ಕ್ರಮ ಇಲ್ಲಿ ಸೊಗಸಾಗಿ ಒಗ್ಗುತ್ತದೆ: ಸರಿ ಉತ್ತರ ಕೊಟ್ಟವರು ಶೇ 30ರಿಂದ 70ರೊಳಗಿದ್ದರೆ ಎರಡು ನಿಮಿಷ ಅಕ್ಕಪಕ್ಕದವರೊಂದಿಗೆ ಮಾತಾಡಲು ಬಿಟ್ಟು ಮತ್ತೆ ಉತ್ತರ ಕೇಳುವುದು. ಅದಕ್ಕಿಂತ ಕಡಿಮೆಯಿದ್ದರೆ ನೀವೇ ಮತ್ತೊಮ್ಮೆ ವಿವರಿಸಬೇಕು, ಹೆಚ್ಚಿದ್ದರೆ ಮುಂದಕ್ಕೆ ಹೋಗಬೇಕು. ಕೊನೆಯ ಹತ್ತು ನಿಮಿಷ ಪ್ರತಿ ಮಗುವೂ ನೋಟ್‌ಬುಕ್‌ನಲ್ಲಿ ‘ಬಿಕಾಸ್’ ಬಳಸಿ ಎರಡು ವಾಕ್ಯ ಬರೆಯಲಿ: ‘ವಿ ಕೆನಾಟ್ ಟೇಕ್ ದ ಸೆಕೆಂಡ್ ಬಸ್ ಬಿಕಾಸ್ ಇಟ್ ಡಸ್ ನಾಟ್ ರನ್ ಆನ್ ಸಂಡೇ’. ಈ ವಾಕ್ಯದ ಅರ್ಧ ಭಾಗ ಚೀಟಿಯಲ್ಲೇ ಇತ್ತು, ಹನ್ನೆರಡು ನಿಮಿಷ ಬಾಯಲ್ಲೂ ಆಡಿತ್ತು. ಬರೆಯಲು ಹೇಳುವ ವಿಷಯವೊಂದು ಕೈಯಲ್ಲಿದ್ದಾಗ ಹಾಳೆ ಖಾಲಿ ಉಳಿಯುವುದು ಅಪರೂಪ.

ಉತ್ತರ ಪಡೆಯಲು ಹತ್ತು ಟ್ಯಾಬ್‌ಗಳಿಗಿಂತ ಕಾಗದದ ಕಾರ್ಡ್‌ಗಳು ಮೇಲು ಎಂಬುದು ನನ್ನ ಅಭಿಪ್ರಾಯ. ಪ್ರತಿ ಮಗುವಿನ ಕೈಯಲ್ಲೂ ಒಂದು ಸಾಧನ ಇರಲೇಬೇಕು ಎಂಬ ನಂಬಿಕೆಯನ್ನು ಇವು ಸುಳ್ಳು ಮಾಡುತ್ತವೆ. ಪ್ಲಿಕರ್ಸ್ ಎಂಬ ಆಪ್‌ನಲ್ಲಿ ಪ್ರತಿ ಮಗುವಿಗೂ ಕಪ್ಪು-ಬಿಳುಪು ಚೌಕಗಳ ಒಂದು ಕಾರ್ಡ್. ನಾಲ್ಕು ಅಂಚುಗಳಲ್ಲಿ ಎ, ಬಿ, ಸಿ, ಡಿ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡ್ ತಿರುಗಿಸಿ ಹಿಡಿಯುತ್ತದೆ, ನೀವು ಫೋನ್ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಆಡಿಸಿದರೆ ಆಪ್ ಎಲ್ಲರ ಉತ್ತರವನ್ನೂ ಓದಿಕೊಳ್ಳುತ್ತದೆ. ಅಕ್ಷರ ಚಿಕ್ಕದಾದ್ದರಿಂದ, ಕಾರ್ಡ್ ಒಬ್ಬೊಬ್ಬರದ್ದು ಒಂದೊಂದು ಥರ ಇರುವುದರಿಂದ ಪಕ್ಕದವರದ್ದನ್ನು ನಕಲು ಮಾಡಲು ಬರುವುದಿಲ್ಲ. ಸಾಮಾನ್ಯ ಸೆಟ್‌ನಲ್ಲಿ 40 ಕಾರ್ಡ್‌ಗಳಿವೆ. ನಿಮಗೆ 42 ಬೇಕಾದ್ದರಿಂದ 63ರ ದೊಡ್ಡ ಸೆಟ್ ಇಳಿಸಿಕೊಳ್ಳಿ. ವೇಗ್ರೌಂಡ್‌ನಲ್ಲೂ ಇಂಥದ್ದೇ ಕಾಗದದ ಕ್ರಮವಿದೆ. ಕಾರ್ಡ್ ಸಂಖ್ಯೆಯೇ ಹಾಜರಿ ಸಂಖ್ಯೆಯಾಗಿರಲಿ.

ಇದರಲ್ಲಿ ಕೆಡುವುದು ಹೆಚ್ಚಾಗಿ ಸಣ್ಣ ವಿಷಯಗಳಿಂದ. ಬಾಳಿಕೆ ಬರಲೆಂದು ಲ್ಯಾಮಿನೇಷನ್ ಮಾಡಿಸಿದರೆ ಬೆಳಕು ಮಿನುಗಿ ಕ್ಯಾಮೆರಾ ಓದುವುದಿಲ್ಲ. ಮಿಂಚಿಲ್ಲದ ದಪ್ಪ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ರಟ್ಟಿಗೆ ಅಂಟಿಸಿ. ಮಕ್ಕಳ ಬೆನ್ನ ಹಿಂದೆ ಬಿಸಿಲಿನ ಕಿಟಕಿಯಿದ್ದರೂ ಇದೇ ಗತಿ, ಆ ಕಿಟಕಿ ಮುಚ್ಚಿ ಅಥವಾ ನೀವು ನಿಲ್ಲುವ ಜಾಗ ಬದಲಿಸಿ. ಬೆರಳು ಕಪ್ಪು ಭಾಗದ ಮೇಲೆ ಬಂದರೆ ಆ ಕಾರ್ಡ್ ಲೆಕ್ಕಕ್ಕೆ ಸಿಗದು. ಯಾರು ಏನು ಉತ್ತರಿಸಿದರೆಂದು ಹೆಸರು ಸಮೇತ ಟಿವಿಯಲ್ಲಿ ತೋರಿಸುವ ಪರದೆಯನ್ನು ಮುಚ್ಚಿಡಿ. ಎಲ್ಲರಿಗೂ ಯಾವ ಉತ್ತರಕ್ಕೆ ಎಷ್ಟು ಜನ ಎಂಬ ಸ್ತಂಭನಕ್ಷೆ ಸಾಕು, ಹೆಸರುಗಳು ನಿಮಗೆ.

ಇಂಟರ್ನೆಟ್ ಕೈಕೊಡುವ ದಿನಗಳಿಗೆ ಲ್ಯೂಮಿ ಎಂಬ ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಿ. ಎಚ್‌5ಪಿ ಬಗೆಯ ಚಟುವಟಿಕೆಗಳನ್ನು, ಅಂದರೆ ಪದ ಎಳೆದು ಖಾಲಿ ಜಾಗ ತುಂಬುವುದು, ನಡುನಡುವೆ ನಿಂತು ಪ್ರಶ್ನೆ ಕೇಳುವ ವಿಡಿಯೊ, ಉಕ್ತಲೇಖನ ಇತ್ಯಾದಿಗಳನ್ನು ಮಾಡಿ ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಉಳಿಸಬಹುದು. ಪೆನ್‌ಡ್ರೈವ್‌ನಲ್ಲಿ ಒಯ್ದು ಯಾವ ಬ್ರೌಸರ್‌ನಲ್ಲಾದರೂ ತೆರೆಯಬಹುದು. ವಿಡಿಯೊ ಎರಡು-ಮೂರು ನಿಮಿಷ ಮೀರದಿರಲಿ, ಗುಣಮಟ್ಟ 360ಪಿ ಸಾಕು. ಇಲ್ಲದಿದ್ದರೆ ಫೈಲ್ ಭಾರವಾಗಿ ಹಳೆಯ ಟ್ಯಾಬ್ ಸ್ತಬ್ಧವಾಗುತ್ತದೆ.

ಮಾತಿಗೆ ಬಂದರೆ, ಯಾವ ಆಪ್ ಕೂಡ ಮಾತಾಡಲು ಕಲಿಸುತ್ತದೆಂದು ನಂಬಬೇಡಿ. ಫೋನಿನ ಕೀಬೋರ್ಡ್‌ನಲ್ಲಿರುವ ಮೈಕ್ ಒತ್ತಿ, ಇಂಗ್ಲಿಷ್ ಇಂಡಿಯಾ ಆರಿಸಿ, ಹೇಳಿದ್ದು ಹೇಗೆ ಅಚ್ಚಾಗುತ್ತದೆಂದು ನೋಡುವ ಅಭ್ಯಾಸ ಮಕ್ಕಳಿಗೆ ಇಷ್ಟ, ಉಚ್ಚಾರಕ್ಕೆ ಸ್ವಲ್ಪ ನೆರವೂ ಹೌದು. ಆದರೆ ಆ ಯಂತ್ರ ಸಂದರ್ಭ ಊಹಿಸಿ ತಪ್ಪನ್ನು ತಾನೇ ತಿದ್ದಿಬಿಡುವುದುಂಟು. ಸರಿಯಾಗಿ ಅಚ್ಚಾಯಿತೆಂದ ಮಾತ್ರಕ್ಕೆ ಮಗು ಸರಿಯಾಗಿ ಹೇಳಿತೆಂದಲ್ಲ. ಇದಕ್ಕಿಂತ ಫಲ ಕೊಡುವುದು ಸಾದಾ ಧ್ವನಿಮುದ್ರಣ. ಊಟದ ಬಿಡುವಿನಲ್ಲಿ, ವರಾಂಡದ ಒಂದು ಮೂಲೆಯಲ್ಲಿ, ಟ್ಯಾಬ್‌ನಲ್ಲಿ 30 ಸೆಕೆಂಡು: ‘ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಹೋಗುವ ದಾರಿ’. ಅಳಿಸಿ ಮತ್ತೆ ಹೇಳಲು ಎಷ್ಟು ಸಲವಾದರೂ ಅವಕಾಶವಿರಲಿ, ಆ ಮರುಪ್ರಯತ್ನದಲ್ಲೇ ಅಸಲು ಕಲಿಕೆ ಇದೆ. ಮರುದಿನ ನಾಲ್ಕು ಧ್ವನಿಗಳನ್ನು ಸ್ಪೀಕರಿನಲ್ಲಿ ಹಾಕಿ, ಉಳಿದವರು ಕೇಳಿ ನಕ್ಷೆ ಬಿಡಿಸಲಿ. ಕೇಳುವವರಿಗೆ ಕೇಳಲು ಕಾರಣವಿದೆ, ಹೇಳುವವರಿಗೆ ಸ್ಪಷ್ಟವಾಗಿ ಹೇಳಲು ಕಾರಣವಿದೆ. 42 ಮಕ್ಕಳ ಧ್ವನಿಯನ್ನೂ ಒಂದೇ ವಾರ ಕೇಳಲು ಹೊರಟರೆ ಬರೀ ಕೇಳುವುದಕ್ಕೇ 21 ನಿಮಿಷ, ತಿದ್ದುವುದು ಬೇರೆ. ವಾರಕ್ಕೆ ಹತ್ತು-ಹನ್ನೊಂದು ಮಕ್ಕಳಂತೆ ಸರದಿ ಮಾಡಿ, ಒಬ್ಬರಿಗೆ ಒಂದೇ ತಿದ್ದುಪಡಿ ಹೇಳಿ.

ಪೋಷಕರ ದೂರಿನಲ್ಲಿ ಹುರುಳಿದೆ. ಅಪ್ಪನ ಫೋನ್ ರಾತ್ರಿ ಎಂಟರ ಮೇಲೆ ಮಗುವಿನ ಕೈಗೆ ಬರುತ್ತದೆ, ಲಿಂಕ್ ಮುಗಿದ ಮೇಲೆ ರೀಲ್ಸ್ ಶುರು. ಫೋನೇ ಇಲ್ಲದ ಮನೆಯ ಮಗು ಮರುದಿನ ತಲೆತಗ್ಗಿಸಿ ಕೂರುತ್ತದೆ. ವಾಟ್ಸ್ಯಾಪ್ ಲಿಂಕ್‌ಗಳನ್ನು ನಿಲ್ಲಿಸಿಬಿಡಿ. ಮನೆಗೆ ಕಾಗದದ ಕೆಲಸ, ಪರದೆ ಏನಿದ್ದರೂ ಶಾಲೆಯಲ್ಲಿ. ಖಾತೆಗಳಲ್ಲಿ ಮಕ್ಕಳ ಪೂರ್ಣ ಹೆಸರು, ಫೋಟೊ ಹಾಕಬೇಡಿ, ಹಾಜರಿ ಸಂಖ್ಯೆ ಸಾಕು. ಧ್ವನಿ ಫೈಲ್‌ಗಳು ಶಾಲೆಯ ಸಾಧನದಲ್ಲೇ ಇರಲಿ, ತಿಂಗಳಿಗೊಮ್ಮೆ ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಮಾತಾಡುತ್ತದೆ. ಪೋಷಕರ ಸಭೆಯಲ್ಲಿ ಒಂದು ಕಾಗದಕ್ಕೆ ಸಹಿ ಮಾಡಿಸಿಟ್ಟುಕೊಂಡರೆ ನಿಮಗೂ ನಿಶ್ಚಿಂತೆ.

ಮುಖ್ಯೋಪಾಧ್ಯಾಯರಿಗೆ ತೋರಿಸಲು ಗೆದ್ದವರ ಪಟ್ಟಿ ಬೇಡ. ಹಿಂದಿನ ಬೆಂಚಿನ ಆರು ಮಕ್ಕಳನ್ನು ಗುರುತಿಸಿಕೊಳ್ಳಿ, ಅವರಿಗೆ ತಿಳಿಯುವುದು ಬೇಡ. ಪ್ರತಿ ಶುಕ್ರವಾರ ಒಂದು ಚಿತ್ರ ತೋರಿಸಿ ಐದು ನಿಮಿಷ ಬರೆಸಿ, ಆ ಆರು ಹಾಳೆಗಳಲ್ಲಿ ಎಷ್ಟು ಪದಗಳಿವೆ ಎಂದಷ್ಟೇ ಎಣಿಸಿ, ತಪ್ಪು-ಒಪ್ಪು ಆಮೇಲೆ. ಎಷ್ಟು ಹಾಳೆ ಖಾಲಿ, ವಾರದಲ್ಲಿ ಕೇಳದೆಯೇ ಬಾಯಿಬಿಟ್ಟವರು ಯಾರು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಎಂಟು ವಾರ ಕಳೆದರೂ ಪದಗಳ ಸಂಖ್ಯೆ ಏರದಿದ್ದರೆ ಚೀಟಿಗಳ ಇಂಗ್ಲಿಷ್ ಅವರಿಗೆ ಹೆಚ್ಚಾಯಿತೆಂದೇ ಅರ್ಥ. ಆಗ ವಾಕ್ಯಗಳನ್ನು ಆರೇಳು ಪದಗಳಿಗೆ ಇಳಿಸಿ, ಸಮಸ್ಯೆಯನ್ನು ಮಾತ್ರ ಸುಲಭ ಮಾಡಬೇಡಿ. ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದನೇ ತರಗತಿಯ ಒಗಟು ಕೊಟ್ಟರೆ ಮತ್ತೆ ಬಣ್ಣ ಒತ್ತಲು ಶುರು ಮಾಡುತ್ತಾರೆ.